ಮುಂಚೆ, ಮುಂದೆ, ಕೆಳಗೆ: ಚರಿತ್ರೆಯ ಕಾಲಕ್ರಮದ ಅರಿವಿಗೆ ಏನೆನ್ನೋಣ?

ವಯಸ್ಕರಿಗೆ ಚರಿತ್ರೆ ಕಲಿಸುವವರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ, ನಡುವೆ ಎಷ್ಟು ಕಾಲ ಕಳೆಯಿತು ಎಂಬುದು ಇಸವಿಗಳನ್ನು ಉರುಹೊಡೆಯದೆಯೂ ಅಂದಾಜಿಗೆ ಸಿಗಬೇಕು. ಈ ಅರಿವಿಗೆ ಒಂದು ಪದ ಬೇಕಾಗಿದೆ.

ಮೊದಲ ಕರಡಿನಲ್ಲಿ ‘ಸಮಯಪ್ರಜ್ಞೆ’ ಎಂದು ಬರೆದು ನಾನೇ ನಕ್ಕುಬಿಟ್ಟೆ. ಹೊಗೆ ಕಂಡೊಡನೆ ಮೇನ್ ಸ್ವಿಚ್ ಆರಿಸುವವರಿಗೆ ಸಮಯಪ್ರಜ್ಞೆ ಇದೆ ಎನ್ನುತ್ತೇವೆ. ರೋಮನ್ ಚರಿತ್ರೆಯಲ್ಲಿ ಸೀಸರ್ ಮೊದಲೋ ಅಗಸ್ಟಸ್ ಮೊದಲೋ ಎಂದು ಬಲ್ಲವರಿಗಲ್ಲ. ‘ಕಾಲಪ್ರಜ್ಞೆ’ ಎಂದರೆ ತನ್ನ ಕಾಲದ ಬಗೆಗಿನ ಎಚ್ಚರ ಎಂದೇ ಓದುಗರು ತಿಳಿಯುತ್ತಾರೆ. ‘ಕಾಲಗಣನೆ’ ಪಂಚಾಂಗದವರ ಮಾತು. ‘ಕಾಲಾನುಕ್ರಮಣಿಕೆ’ ಕಾಗದದ ಮೇಲಿನ ಪಟ್ಟಿಗೆ ಸರಿ, ತಲೆಯೊಳಗಿನ ಅರಿವಿಗೆ ಒಗ್ಗುವುದಿಲ್ಲ. ನನಗೆ ಹಿಡಿಸಿದ್ದು ‘ಪೂರ್ವಾಪರ’. ಹಿಂದಿನದು, ನಂತರದ್ದು ಎರಡೂ ಆ ಒಂದೇ ಪದದಲ್ಲಿವೆ. ಆದರೆ ‘ಅವರ ಪೂರ್ವಾಪರ ವಿಚಾರಿಸಿ’ ಎಂದು ಸಂಬಂಧ ಕುದುರಿಸುವವರು ಅದನ್ನು ಎಂದೋ ಎತ್ತಿಕೊಂಡು ಹೋಗಿದ್ದಾರೆ. ‘ಪೂರ್ವಾಪರಪ್ರಜ್ಞೆ’ ಎಂದರೆ ಉಳಿದೀತೇ?

ಇದಕ್ಕಿಂತ ದೊಡ್ಡ ತೊಡಕು ತರಗತಿಯಲ್ಲಿ ಎದುರಾಯಿತು. ಮೇಜಿನ ಮೇಲೆ ಎರಡು ಚೀಟಿ ಇಟ್ಟಿದ್ದೆ: ಕ್ರಿ.ಪೂ. 44, ಸೀಸರನ ಕೊಲೆ, ಕ್ರಿ.ಪೂ. 30, ಕ್ಲಿಯೋಪಾತ್ರಳ ಸಾವು. ‘ಸೀಸರನನ್ನು ಮುಂದೆ ಇಡಿ’ ಎಂದೆ. ಅರ್ಧ ಜನ ಎಡಕ್ಕೆ ಇಟ್ಟರು, ಅರ್ಧ ಜನ ಬಲಕ್ಕೆ. ತಪ್ಪು ಅವರದಲ್ಲ. ‘ಮುಂಚೆ’ ಎಂದರೆ ಕಳೆದದ್ದು, ‘ಮುಂದೆ’ ಎಂದರೆ ಬರಲಿರುವುದು. ಎರಡಕ್ಕೂ ‘ಮುಂ’ ಒಂದೇ. ‘ಹಿಂದೆ ಒಬ್ಬ ರಾಜನಿದ್ದ’ ಎಂದಾಗ ಹಿಂದೆ ಎಂಬುದು ಗತಕಾಲ, ‘ಅವನ ಹಿಂದೆಯೇ ಇವನೂ ಬಂದ’ ಎಂದಾಗ ನಂತರದ್ದು. ಸಂಸ್ಕೃತವೂ ಕಮ್ಮಿಯಿಲ್ಲ: ಪೂರ್ವ ಎಂದರೆ ಎದುರಿನದೂ ಹೌದು, ಕಳೆದದ್ದೂ ಹೌದು.

ಆಗ ನೆನಪಾದದ್ದು ಹಳೆಯ ಬಳಕೆಯೊಂದು: ‘ಹತ್ತು ವರ್ಷಗಳ ಕೆಳಗೆ’. ಕಳೆದದ್ದು ಕೆಳಗೆ, ನಂತರದ್ದು ‘ಆ ಮೇಲೆ’. ಅಡ್ಡಗೆರೆಯನ್ನು ಬಿಟ್ಟು ಹಲಗೆಯ ಮೇಲೆ ಬಾವಿಯೊಂದನ್ನು ಬರೆದೆ. ಕ್ರಿ.ಶ. 1 ನೆಲಮಟ್ಟ; ಅಲ್ಲಿಂದ ಮೇಲಕ್ಕೆ ಕ್ರಿಸ್ತಶಕ, ಒಳಕ್ಕೆ ಕ್ರಿಸ್ತಪೂರ್ವ. ಅಂಕೆ ದೊಡ್ಡದಾದಷ್ಟೂ ಆಳ. ಕ್ರಿ.ಪೂ. 44 ತಾನಾಗಿಯೇ 30ಕ್ಕಿಂತ ಕೆಳಗೆ ಹೋಗಿ ಕುಳಿತಿತು, ವಿವರಣೆಯೇ ಬೇಕಾಗಲಿಲ್ಲ. (ಸೊನ್ನೆಯ ವರ್ಷವಿಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಬೇಕಾಯಿತು. ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ ಆಳಿದ ಅಗಸ್ಟಸನಿಗೆ ಎಲ್ಲರೂ 41 ವರ್ಷ ಕೊಟ್ಟಿದ್ದರು, ಸಿಗಬೇಕಾದದ್ದು 40.) 1789 ಏಕೆ 18ನೇ ಶತಮಾನ ಎಂಬ ಪ್ರಶ್ನೆಯೂ ಬಂತು, ಆದರೆ ಅದು ಲೆಕ್ಕದ ಗೋಜು, ಪದದ್ದಲ್ಲ.

ಹಿರಿಯ ವಿದ್ಯಾರ್ಥಿನಿಯೊಬ್ಬರು ಈ ಬಾವಿಯ ಹೋಲಿಕೆಯನ್ನೂ ಕೆಡವಿದರು. ‘ವಂಶವೃಕ್ಷದಲ್ಲಿ ಮುತ್ತಜ್ಜ ಮೇಲಿರುತ್ತಾನಲ್ಲ? ಪರಂಪರೆ ಇಳಿದು ಬರುತ್ತದೆ ಎನ್ನುತ್ತೇವೆ, ಹತ್ತಿ ಬರುತ್ತದೆ ಎನ್ನುವುದಿಲ್ಲ.’ ನನ್ನಲ್ಲಿ ಉತ್ತರವಿರಲಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ಈ ‘ಕೆಳಗೆ’ ನಿಮ್ಮ ಬರಹದಲ್ಲಿ ಇನ್ನೂ ಜೀವಂತವಾಗಿದೆಯೇ? ಇದ್ದರೆ ಹತ್ತಿಪ್ಪತ್ತು ವರ್ಷಗಳಿಗೆ ಮಾತ್ರ ಸಲ್ಲುತ್ತದೆಯೋ, ‘ಎರಡು ಸಾವಿರ ವರ್ಷಗಳ ಕೆಳಗೆ’ ಎಂದರೂ ಕಿವಿಗೆ ಹಿತವಾಗಿರುತ್ತದೆಯೋ?