ಅಪ್ಪನ ಒಮೆಗಾ ಸರ್ವಿಸ್‌ಗೆ ಯಾರ ಕೈಗೆ ಕೊಡಲಿ? ಬೆಳಗಾವಿಯವರ ಅನುಭವ ಬೇಕು

ಕೇಳಿದ್ದು:

ನಮಸ್ಕಾರ. ನಮ್ಮ ತಂದೆ ಉದ್ಯಮಬಾಗಿನಲ್ಲಿ ಫೌಂಡ್ರಿ ನಡೆಸುತ್ತಿದ್ದರು. 1996ರಲ್ಲಿ ದುಬೈಯಿಂದ ಒಂದು ಒಮೆಗಾ ಸೀಮಾಸ್ಟರ್ ತರಿಸಿಕೊಂಡಿದ್ದರು. ನೀಲಿ ಡಯಲ್, ಸ್ಟೀಲ್ ಚೈನ್, ಆಟೊಮ್ಯಾಟಿಕ್, 300 ಮೀಟರ್ (ನೀರಿನ ಆಳ) ಅಂತ ಬರೆದಿದೆ. ಅವರು ಹೋದ ಮೇಲೆ ಕಪಾಟಿನಲ್ಲೇ ಇತ್ತು. ಈಗ ನಾನು ಕಟ್ಟಿಕೊಂಡರೆ ನಡೆಯುತ್ತದೆ, ಆದರೆ ದಿನಕ್ಕೆ ನಾಲ್ಕೈದು ನಿಮಿಷ ಹಿಂದೆ ಬೀಳುತ್ತದೆ. ರಾತ್ರಿ ತೆಗೆದಿಟ್ಟರೆ ಬೆಳಗ್ಗೆ ನಿಂತಿರುತ್ತದೆ. ಖಡೇ ಬಜಾರ್ ಕಡೆ ಒಂದು ಅಂಗಡಿಯಲ್ಲಿ ತೋರಿಸಿದೆ. "ಬಿಟ್ಟ ಹೋಗ್ರಿ, ಎಂಟ ದಿನದಾಗ ಹೊಸಾದರಂಗ ಮಾಡಿ ಕೊಡ್ತೀವಿ" ಅಂದರು. ಯಾಕೋ ಧೈರ್ಯ ಬರಲಿಲ್ಲ, ವಾಪಸ್ ತಂದೆ. ಇಲ್ಲೇ ಕೊಡಲಾ, ಬೆಂಗಳೂರಿಗೋ ಮುಂಬೈಗೋ ಕಳಿಸಲಾ? ಕೊಟ್ಟು ನೋಡಿದವರು ಹೇಳಿ.

ಟಿಳಕವಾಡಿಯಿಂದ:

ವಾಪಸ್ ತಂದದ್ದು ಒಳ್ಳೇದಾಯ್ತು. "ಹೊಸಾದರಂಗ" ಅನ್ನುವ ಮಾತಿನ ಅರ್ಥ ನನಗೆ ದುಡ್ಡು ಕೊಟ್ಟು ಗೊತ್ತಾಗಿದೆ.

ನನ್ನದೂ ಒಮೆಗಾನೇ, ಮದುವೆಯಲ್ಲಿ ಮಾವನವರು ಕೊಟ್ಟದ್ದು. ಕೆಲವು ವರ್ಷದ ಹಿಂದೆ ಬೇರೆ ಊರಿನ ಒಂದು ದೊಡ್ಡ ಅಂಗಡಿಗೆ ಸರ್ವಿಸ್‌ಗೆ ಕೊಟ್ಟೆ. ಎಸಿ, ಗಾಜಿನ ಬಾಗಿಲು, ಟೈ ಕಟ್ಟಿದ ಹುಡುಗ. "ಪಾಲಿಶ್ ಮಾಡಬೇಡಿ" ಎಂದು ಬಾಯಲ್ಲಿ ಎರಡು ಸಲ ಹೇಳಿದ್ದೆ. ಹುಡುಗ ಎರಡು ಸಲ ತಲೆ ಆಡಿಸಿದ್ದ. ಏಳು ವಾರ ಆದ ಮೇಲೆ ವಾಚು ಬಂತು, ಹೊಸ ಸ್ಟೀಲ್ ತಂಬಿಗೆಯ ಹಾಗೆ ಫಳಫಳ ಅನ್ನುತ್ತಿತ್ತು. ಬೆಲ್ಟ್ ಸಿಕ್ಕಿಸುವ ಕೊಂಬುಗಳ ಮೇಲೆ ಕಂಪನಿಯವರು ಎಳೆದ ಸಣ್ಣ ಗೆರೆಗಳಿದ್ದವು, ಒಂದೂ ಉಳಿದಿರಲಿಲ್ಲ. ಮೊದಲು ಉಗುರು ಆಡಿಸಿದರೆ ಅಂಚು ಸಿಗುತ್ತಿತ್ತು. ಈಗ ಅರ್ಧ ಸವೆದ ಸಾಬೂನಿನ ಹಾಗೆ ಜಾರುತ್ತದೆ. ಬಫ್ ಹೊಡೆದರೆ ಲೋಹ ಹೋಗುತ್ತದೆ, ಹೋದ ಲೋಹ ಬರುವುದಿಲ್ಲ. ಫೌಂಡ್ರಿಯವರ ಮಗನಿಗೆ ಇದನ್ನು ನಾನೇನು ಹೇಳುವುದು!

ಫೋನ್ ಮಾಡಿ ಜಗಳ ಆಡಿದಾಗ ನಿಜ ಹೊರಬಂತು. ವಾಚು ಆ ಅಂಗಡಿಯಲ್ಲಿ ತೆರೆದೇ ಇರಲಿಲ್ಲ. ಅವರು ಇನ್ನೊಂದು ಊರಿನ ಕಾರಿಗರನಿಗೆ ಕಳಿಸಿದ್ದರು. ಆ ಕಾರಿಗರನಿಗೆ ಪಾಲಿಶ್ ಬೇಡ ಅಂತ ಯಾರೂ ಹೇಳಿರಲಿಲ್ಲ. ಅವನ ತಪ್ಪೂ ಅಲ್ಲ ಬಿಡಿ, ಹೊಳೆದರೆ ಗಿರಾಕಿ ಖುಷಿ ಆಗ್ತಾನೆ ಅಂತ ಪಾಪ ಚೆನ್ನಾಗಿಯೇ ಉಜ್ಜಿದ್ದಾನೆ. ನನ್ನ ವಾಚು ಅಲ್ಲಿಗೆ ಹೋಯಿತು, ನನ್ನ ಮಾತು ಕೌಂಟರಿನಲ್ಲೇ ಉಳಿಯಿತು.

ಅದಕ್ಕೇ ನಾನು ಈಗ ಯಾವ ಅಂಗಡಿಗೆ ಹೋದರೂ ಮೊದಲು ರೇಟು ಕೇಳುವುದಿಲ್ಲ. "ಇದನ್ನು ಬಿಚ್ಚುವವರು ಯಾರು, ಎಲ್ಲಿ ಕೂತು ಬಿಚ್ಚುತ್ತಾರೆ?" ಅಂತ ಕೇಳುತ್ತೇನೆ. ಹೊರಗೆ ಕಳಿಸುವುದು ತಪ್ಪೇನಲ್ಲ. ನಮ್ಮಂಥ ಊರಲ್ಲಿ ಎಲ್ಲ ಸಾಮಾನು ಇಟ್ಟುಕೊಂಡು ಕೂರಲು ಯಾರಿಗೂ ಪೂರೈಸುವುದಿಲ್ಲ. ಆದರೆ "ಕಳಿಸ್ತೀವ್ರಿ, ಇಂಥಲ್ಲಿಗೆ" ಅಂತ ನೇರವಾಗಿ ಹೇಳುವವರ ಹತ್ತಿರ ಮಾತ್ರ ಮುಂದಿನ ಮಾತು. ಆಮೇಲೆ ರಸೀತಿಯ ಮೇಲೆ ಬರೆಸಿ. ಬಾಯಿಮಾತು ಬೇಡ.

ನಮ್ಮ ಊರಿನ ರಿಪೇರಿಯವರನ್ನು ಕಡೆಗಣಿಸಿ ಅಂತ ಹೇಳುತ್ತಿಲ್ಲ. ಗಣಪತ್ ಗಲ್ಲಿ ಹತ್ತಿರ ಒಬ್ಬ ಹಿರಿಯರಿದ್ದಾರೆ. ಅವರ ಅಂಗಡಿ ಅಂದರೆ ಒಂದು ಬಾಗಿಲಿನಷ್ಟು ಅಗಲ. ಅಣ್ಣನ ಎಚ್‌ಎಂಟಿ ಜನತಾ ತೆಗೆದುಕೊಂಡು ಹೋಗಿದ್ದೆ. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿ, ಆ ಲೆನ್ಸನ್ನು ನನ್ನ ಕೈಗೇ ಕೊಟ್ಟರು. "ಆ ಕೆಂಪ ಕಲ್ಲ ನೋಡ್ರಿ, ಸುತ್ತ ಎಣ್ಣಿ ಅಂಟಾಗಿ ಕುಂತೈತಿ." ನೋಡಿದೆ. ಮಾಣಿಕ್ಯದ ಹರಳಿನ ಸುತ್ತ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಬಣ್ಣ. ಆಮೇಲೆ ಟೈಮಿಂಗ್ ಮಷೀನಿಗೆ ಇಟ್ಟರು. ಅದು ವಾಚಿನ ಟಿಕ್ ಟಿಕ್ ಕೇಳಿಸಿಕೊಂಡು, ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ ಅಂತ ಪರದೆಯ ಮೇಲೆ ತೋರಿಸುತ್ತದೆ. 190 ಇತ್ತು, ಅಂದರೆ ಸುಸ್ತಾಗಿತ್ತು. ನಾಲ್ಕು ದಿನ ಬಿಟ್ಟು ಹೋದಾಗ 275. ನಾನು ಕೇಳುವ ಮೊದಲೇ ಎರಡೂ ಅಂಕಿ ಚೀಟಿಯಲ್ಲಿ ಬರೆದಿಟ್ಟಿದ್ದರು.

ಅವತ್ತು ಕೈಯಲ್ಲಿದ್ದ ಒಮೆಗಾ ಬಿಚ್ಚಿ ಮುಂದಿಟ್ಟೆ. ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಇದರ ವಾಷರ್ ನನ್ನ ಕಡೆ ಇಲ್ರಿ. ಮಷೀನ್ ಮಾಡ್ತೀನಿ, ಆದ್ರ ನೀರಿನ ಗ್ಯಾರಂಟಿ ಕೊಡಾಕ ಆಗಂಗಿಲ್ಲ." ಬಂದ ದುಡ್ಡನ್ನು ಬೇಡ ಅಂದವರು! ಅವತ್ತಿನಿಂದ ಮನೆಯ ಉಳಿದೆಲ್ಲ ವಾಚು ಅವರಿಗೇ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ನಮ್ಮ ಹಳೆ ರಿಪೇರಿಯವರ ಕೈ ಪಳಗಿದ್ದು ಹೆಚ್ಚಾಗಿ ಅವುಗಳ ಮೇಲೆಯೇ. ಜನತಾ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ನಿಮ್ಮ ಸೀಮಾಸ್ಟರ್ ಎಂಟು ಸಲ. ಬಿಚ್ಚಿ ಜೋಡಿಸುವುದು ಅವರಿಗೆ ಬರದ ಕೆಲಸವಲ್ಲ. ಕಷ್ಟ ಇರುವುದು ಬಿಡಿಭಾಗದಲ್ಲಿ. ಎಚ್‌ಎಂಟಿಗೆ ಇನ್ನೊಂದು ಹಳೆ ಎಚ್‌ಎಂಟಿಯಿಂದ ತೆಗೆದು ಹಾಕಬಹುದು. ಸ್ವಿಸ್ ಕಂಪನಿಗಳು ಹೊರಗಿನ ಅಂಗಡಿಗೆ ಭಾಗ ಕೊಡುವುದನ್ನು ತುಂಬ ಬಿಗಿ ಮಾಡಿವೆ. ರಬ್ಬರ್ ವಾಷರ್ ಸಿಗದಿದ್ದರೆ ಹಳೆಯದನ್ನೇ ಗ್ರೀಸ್ ಹಚ್ಚಿ ಕೂರಿಸುತ್ತಾರೆ. 300 ಮೀಟರ್ ಅಂತ ಡಯಲ್ ಮೇಲೆ ಬರೆದಿರುತ್ತದೆ, ಕೈ ತೊಳೆದರೆ ಗ್ಲಾಸಿನೊಳಗೆ ಮಂಜು.

ಯಾರಿಗೆ ಕೊಡುವ ಮೊದಲೂ ಒಂದು ಪರೀಕ್ಷೆ ನೀವೇ ಮಾಡಿ, ಖರ್ಚಿಲ್ಲ. ಆಟೊಮ್ಯಾಟಿಕ್ ವಾಚು ಕೈ ಆಡಿದಾಗ ತಾನೇ ಚಾವಿ ತಗೊಳ್ಳುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತರೆ ಅರ್ಧವೂ ತುಂಬುವುದಿಲ್ಲ. ಚಾವಿ ಕೊಡುವ ಗುಂಡಿಯ ತಿರುಪು ಬಿಚ್ಚಿ, ನಿಧಾನಕ್ಕೆ 35-40 ಸುತ್ತು ಕೊಟ್ಟು, ಮೇಜಿನ ಮೇಲೆ ಇಟ್ಟುಬಿಡಿ. ಚೆನ್ನಾಗಿದ್ದರೆ 44 ಗಂಟೆಯ ಆಸುಪಾಸು ನಡೆಯಬೇಕು. ಅದಕ್ಕಿಂತ ತುಂಬ ಮೊದಲೇ ನಿಂತರೆ ಒಳಗೆ ಎಣ್ಣೆ ಒಣಗಿದೆ ಅಂತಲೇ ಇಟ್ಟುಕೊಳ್ಳಿ. ಮ್ಯಾಗ್ನೆಟ್ ಹಿಡಿದಿದ್ದರೆ ಸಾಮಾನ್ಯವಾಗಿ ಮುಂದೆ ಓಡುತ್ತದೆ, ನಿಮ್ಮದು ಹಿಂದೆ ಬೀಳುತ್ತಿದೆ. ಪರೀಕ್ಷೆ ಒಂದೇ ಸಲ ಮಾಡಿ ಸಾಕು. ಎಣ್ಣೆ ಇಲ್ಲದೆ ಓಡಿಸಿದರೆ ಏನಾಗುತ್ತದೆ ಅಂತ ಲೇಥ್ ನೋಡಿದವರಿಗೆ ಗೊತ್ತಲ್ವಾ.

ಅನಗೋಳದಿಂದ:

ಇಷ್ಟೆಲ್ಲ ಯಾಕೆ? ನಡೆಯುತ್ತಿದೆಯಲ್ಲ, ಹಬ್ಬಕ್ಕೆ ಮದುವೆಗೆ ಕಟ್ಟಿ. ಟೈಮು ಮೊಬೈಲಿನಲ್ಲಿದೆ. ನಾನಂತೂ ನನ್ನ ಅಜ್ಜನ ಫಾವ್ರೆ ಲೂಬಾ ಮುಟ್ಟಿಲ್ಲ, ಬಿಚ್ಚಿದವರೆಲ್ಲ ಏನಾದರೂ ಒಂದು ಕೆಡಿಸಿಯೇ ಕೊಡುತ್ತಾರೆ.

ಶಹಾಪುರದಿಂದ:

ಅನಗೋಳದವರ ಮಾತು ಶೋಕೇಸಿನಲ್ಲಿ ಇಡುವ ವಾಚಿಗೆ ಸರಿ. ಇವರು ಕಟ್ಟಿಕೊಳ್ಳಬೇಕು ಅಂತಿದ್ದಾರೆ.

ನಾನು ಬೆಂಗಳೂರಿನಲ್ಲಿ ಕಂಪನಿಯ ಶೋರೂಮ್ ಮೂಲಕ ಕೊಟ್ಟೆ. ಮೊದಲು ನೋಡಿ ಎಸ್ಟಿಮೇಟ್ ಕಳಿಸಿದರು, ನಾನು ಒಪ್ಪಿದ ಮೇಲೆ ಕೆಲಸ ಶುರು. ಪೂರ್ತಿ ಸರ್ವಿಸ್‌ಗೆ ಒಮೆಗಾದವರು 2 ವರ್ಷ ಗ್ಯಾರಂಟಿ ಕೊಡುತ್ತಾರೆ, ನೀರಿನ ಪರೀಕ್ಷೆಯೂ ಅದರಲ್ಲೇ ಬಂತು. ಖರ್ಚು ಜಾಸ್ತಿ. ಎಸ್ಟಿಮೇಟ್ ನೋಡಿ ಮನೆಯವರು ಎರಡು ದಿನ ಮಾತಾಡಲಿಲ್ಲ.

ಆದರೆ ಕಂಪನಿ ಅಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಅವರ ಪೂರ್ತಿ ಸರ್ವಿಸ್‌ನಲ್ಲಿ ಪಾಲಿಶ್ ಕೂಡ ಸೇರಿರುತ್ತದೆ, ನೀವು ಬೇಡ ಅನ್ನದಿದ್ದರೆ ಮಾಡಿಬಿಡುತ್ತಾರೆ. ಹಳೆ ಮುಳ್ಳು, ಹಳೆ ಡಯಲ್ ಕಂಡರೆ ಬದಲಿಸೋಣ ಅಂತಲೂ ಕೇಳಬಹುದು. ನಿಮ್ಮದು 1996ರದ್ದು ಅಂದರೆ ಡಯಲ್ಲಿನ ತಳದಲ್ಲಿ ಸಣ್ಣದಾಗಿ "ಟಿ" ಅಕ್ಷರ ಇದೆಯಾ ನೋಡಿ. ಇದ್ದರೆ ಅದರ ಹೊಳೆಯುವ ಚುಕ್ಕೆಗಳು ವಿಕಿರಣ ಸೂಸುವ ಟ್ರೀಷಿಯಮ್‌ನವು. ಸುಮಾರು 12 ವರ್ಷಕ್ಕೆ ಅದರ ಶಕ್ತಿ ಅರ್ಧ ಆಗುತ್ತದೆ, ಹಾಗಾಗಿ ಈಗ ರಾತ್ರಿ ಹೊಳೆಯದಿರುವುದು ದೋಷ ಅಲ್ಲ. ಬಣ್ಣ ಕೆನೆಯ ಹಾಗೆ ತಿರುಗಿರುತ್ತದೆ. ಹಳೆ ವಾಚು ಬಲ್ಲವರು ಅದನ್ನೇ ಹುಡುಕುತ್ತಾರೆ. ಯಾರಾದರೂ ಅದರ ಮೇಲೆ ಹೊಸ ರೇಡಿಯಂ ಹಚ್ಚಿಕೊಡುತ್ತೇನೆ ಅಂದರೆ ಎದ್ದು ಬನ್ನಿ.

ವಿಜಯಪುರದಿಂದ:

ಕೊರಿಯರ್ ಬೇಡ. ರಸೀತಿಯ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ, ಕಳೆದರೆ ಕೊಡುವ ಪರಿಹಾರಕ್ಕೆ ಮಿತಿ ಹಾಕಿರುತ್ತಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಕೈಯಲ್ಲಿ ಒಯ್ದು ಕೈಯಲ್ಲೇ ತನ್ನಿ.

ಕೊಡುವ ಮೊದಲು ಫೋಟೊ ತೆಗೆಯಿರಿ: ಡಯಲ್, ಹಿಂದಿನ ಮುಚ್ಚಳ, ಕೊಕ್ಕೆ, ಸೀರಿಯಲ್ ನಂಬರ್, ಇದ್ದ ಗೀರುಗಳೆಲ್ಲ. ಪಕ್ಕದಲ್ಲಿ ಅವತ್ತಿನ ಪೇಪರ್ ಇರಲಿ. ಅದೇ ನಂಬರ್ ರಸೀತಿಯಲ್ಲೂ ಬರಬೇಕು. ಬರೀ "ಒಮೆಗಾ ವಾಚ್ 1" ಅಂತ ಬರೆದರೆ ನಾಳೆ ಯಾವ ಒಮೆಗಾ ಕೊಟ್ಟರೂ ಲೆಕ್ಕ ಸರಿಯಾಗುತ್ತದೆ. ಏನಾದರೂ ಎಡವಟ್ಟಾದರೆ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದೇ ಈ ಕಾಗದ.

ಟಿಳಕವಾಡಿಯಿಂದ, ಮತ್ತೆ:

ಇನ್ನೊಂದು ಬಿಟ್ಟೆ. ಬೆಂಗಳೂರಿಗೆ ಹೋಗಲು ಆಗುವುದೇ ಇಲ್ಲ, ಇಲ್ಲೇ ಮಾಡಿಸಬೇಕು ಅನ್ನುವುದಾದರೆ ಮೊದಲು ಮನೆಯ ಬೇರೆ ಹಳೆ ವಾಚೊಂದನ್ನು ಆ ಅಂಗಡಿಗೆ ಕೊಟ್ಟು ನೋಡಿ. ವಾಪಸ್ ಬಂದ ಮೇಲೆ ಹಿಂದಿನ ಮುಚ್ಚಳದ ಅಂಚು ನೋಡಿ. ಹೊಸ ಗೀರು ಬಿದ್ದಿದ್ದರೆ ಸರಿಯಾದ ಸಾಧನ ಇಲ್ಲದೆ ಮೀಟಿದ್ದಾರೆ. ನಿಮ್ಮ ಸೀಮಾಸ್ಟರ್‌ಗೂ ಅದೇ ಕೈ, ಅದೇ ಚಾಕು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಚಾವಿ ಕೊಟ್ಟು ಮೇಜಿನ ಮೇಲೆ ಇಟ್ಟೆ, 17 ಗಂಟೆಗೆ ನಿಂತಿತು. ಡಯಲ್ಲಿನ ತಳದಲ್ಲಿ "ಟಿ" ಇದೆ, ಮಗಳ ಕಣ್ಣಿಗೆ ಕಂಡಿತು. ನನಗೆ ಕನ್ನಡಕ ಹಾಕಿದರೂ ಕಾಣಲಿಲ್ಲ.

ಬರುವ ಗುರುವಾರ ರಾತ್ರಿ ಚೆನ್ನಮ್ಮಕ್ಕೆ ಟಿಕೆಟ್ ಮಾಡಿಸಿದ್ದೇನೆ. ಅಪ್ಪನದೇ ಇನ್ನೊಂದು ಎಚ್‌ಎಂಟಿ ಸಿಕ್ಕಿತು, ಅದು ಗಣಪತ್ ಗಲ್ಲಿಯ ಹಿರಿಯರಿಗೆ. ಶೋರೂಮಿನಲ್ಲಿ ಬರೆಸಬೇಕಾದ್ದನ್ನು ಈಗಲೇ ಒಂದು ಹಾಳೆಯಲ್ಲಿ ಟೈಪ್ ಮಾಡಿಟ್ಟುಕೊಂಡಿದ್ದೇನೆ: ಪಾಲಿಶ್ ಬೇಡ. ಡಯಲ್, ಮುಳ್ಳು ಬದಲಿಸುವುದು ಬೇಡ. ಬದಲಿಸಿದ ಭಾಗ ಇದ್ದರೆ ಹಳೆಯದು ವಾಪಸ್ ಬೇಕು. ಕೊಕ್ಕೆಯ ಮೇಲಿನ ಉದ್ದ ಗೀರು ಮುಟ್ಟಬೇಡಿ.

ಆ ಗೀರು ಫೌಂಡ್ರಿಯಲ್ಲಿ ಬಿದ್ದದ್ದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಫೋಟೊ ತೆಗೆಯುವಾಗ ಅವ್ವ ನೋಡಿ ನಕ್ಕಳು. "ಫೌಂಡ್ರಿ ಎಲ್ಲಿಂದ ಬಂತೋ? ನಿನ್ನ ಸೈಕಲ್ ಚೈನ್ ಹಾಕಾಕ ಹೋಗಿ ಗೀಚಿಕೊಂಡಿದ್ರು."