ಮೈನ್‌ಕ್ರಾಫ್ಟ್ ಕತ್ತಿ ಕಾಳಗ: 23 ಆಟ, 23 ಸೋಲು. ಎಲ್ಲಿ ತಪ್ಪುತ್ತಿದ್ದೇನೆ?

ಕಾಫಿಹುಳ (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಮೊಬೈಲ್‌ನಲ್ಲೇ ಮೈನ್‌ಕ್ರಾಫ್ಟ್ ಆಡಿದವನು ನಾನು. ಹೋದ ತಿಂಗಳು ಕಾಲೇಜಿಗೆ ಅಂತ ಲ್ಯಾಪ್‌ಟಾಪ್ ಬಂತು, ಕಂಪ್ಯೂಟರ್‌ಗೆ ಬರುವ ಜಾವಾ ಎಡಿಷನ್ ಹಾಕಿಕೊಂಡೆ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ) ಹಬ್ಬಕ್ಕೆ ಬೆಂಗಳೂರಿನಿಂದ ದೊಡ್ಡಪ್ಪನ ಮಗ ಬಂದಿದ್ದಾನೆ. ಕಡಂಬುಟ್ಟು, ಪಂದಿಕರಿ ಮುಗಿಸಿ ಕೈ ತೊಳೆದವನೇ "ಬಾರೋ, ಒಂದು ಕೈ ನೋಡೋಣ" ಅಂದ.

ಇಬ್ಬರಿಗೂ ಡೈಮಂಡ್ ಕತ್ತಿ, ಐರನ್ ಆರ್ಮರ್, ಒಂದೊಂದು ಶೀಲ್ಡ್. ಎರಡು ದಿನದಲ್ಲಿ 23 ಆಟ ಆಡಿದೆವು. ಒಂದನ್ನೂ ಗೆದ್ದಿಲ್ಲ.

ನಾನೇನು ಸುಮ್ನೆ ನಿಂತು ಹೊಡೆಸಿಕೊಳ್ಳುವುದಿಲ್ಲ. ಅವನು ಒಂದು ಸಲ ಕ್ಲಿಕ್ ಮಾಡುವಷ್ಟರಲ್ಲಿ ನಾನು ಮೂರ್ನಾಲ್ಕು ಸಲ ಮಾಡಿರುತ್ತೇನೆ. ಮೌಸ್ ಸದ್ದು ಕೇಳಿ ಅಜ್ಜಿ "ಅಟ್ಟದಲ್ಲಿ ಇಲಿ ಬಂತಾ?" ಅಂತ ಎದ್ದು ಬಂದರು. ಆದರೂ ಜೀವ ತೋರಿಸುವ ಅವನ ಹಾರ್ಟ್ ಇಳಿಯುವುದೇ ಇಲ್ಲ. ಒಂದೇ ಮನೆ, ಒಂದೇ ವೈಫೈ, ಆದ್ದರಿಂದ ನೆಟ್ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ನನ್ನ ಕೈ ನಿಧಾನವಾ? ಬೇರೆ ಮೌಸ್ ಬೇಕಾ? ಭಾನುವಾರ ಅವನು ಬಸ್ ಹತ್ತುತ್ತಾನೆ. ಅಷ್ಟರೊಳಗೆ ಒಂದಾದರೂ ಗೆಲ್ಲಬೇಕು.

ಡೆತ್‌ಬಾಯ್ (ಕುಶಾಲನಗರ)

ಗೇಮಿಂಗ್ ಮೌಸ್ ತಗೋ ಗುರು. ಸೆಕೆಂಡಿಗೆ ಹತ್ತು ಕ್ಲಿಕ್ ಬಂದರೆ ಯಾರೂ ನಿಲ್ಲುವುದಿಲ್ಲ.

ಮಂದ್‌ಮಾವ (ವಿರಾಜಪೇಟೆ)

ಮೌಸ್‌ಗೆ ದುಡ್ಡು ಸುರಿಯಬೇಡ ತಮ್ಮ. ನಿನ್ನ ಕೈ ನಿಧಾನವಲ್ಲ, ಅವಸರ ಜಾಸ್ತಿ. ಡೆತ್‌ಬಾಯ್ ಹೇಳಿದ್ದು 1.8 ವರ್ಷನ್ ಕಾಲದ ಮಾತು. 2016ರ ಫೆಬ್ರವರಿಯಲ್ಲಿ 1.9 ಬಂದ ಮೇಲೆ ಜಾವಾದಲ್ಲಿ ಆ ಆಟ ಮುಗಿಯಿತು. ಮೊಬೈಲ್‌ನಲ್ಲಿ ಇರುವುದು ಬೆಡ್‌ರಾಕ್ ಎಡಿಷನ್, ಅಲ್ಲಿ ಈಗಲೂ ಎಷ್ಟು ಬೇಗ ಒತ್ತಿದರೂ ಏಟಿನ ಬಲ ಇಳಿಯುವುದಿಲ್ಲ. ನಿನ್ನ ಬೆರಳು ಕಲಿತಿರುವುದು ಅದನ್ನೇ.

ಜಾವಾದಲ್ಲಿ ಒಂದು ಸಲ ಬೀಸಿದ ಕತ್ತಿಗೆ ಪೂರ್ತಿ ಬಲ ಬರಲು 0.625 ಸೆಕೆಂಡ್ ಬೇಕು. ಕಾದು ಹೊಡೆದರೆ ಡೈಮಂಡ್ ಕತ್ತಿಯದು 7 ಡ್ಯಾಮೇಜ್, ಅಂದರೆ ಮೂರೂವರೆ ಹಾರ್ಟ್. ಸೆಕೆಂಡಿಗೆ ನಾಲ್ಕು ಸಲ ಒತ್ತಿದರೆ ಪ್ರತಿ ಏಟು ಸುಮಾರು ಎರಡೂವರೆ ಡ್ಯಾಮೇಜ್‌ಗೆ ಇಳಿಯುತ್ತದೆ. ಇನ್ನೂ ಕೇಳು. ಒಂದು ಏಟು ತಿಂದವನಿಗೆ ಅರ್ಧ ಸೆಕೆಂಡ್ ತನಕ ಅಷ್ಟೇ ಬಲದ ಇನ್ನೊಂದು ಏಟು ತಾಗುವುದೇ ಇಲ್ಲ. ಹಾಗಾಗಿ ನಾಲ್ಕರಲ್ಲಿ ಎರಡು ದಂಡ. ಗಾಳಿಗೆ ಬೀಸಿದರೂ ಲೆಕ್ಕ ಮತ್ತೆ ಸೊನ್ನೆಯಿಂದಲೇ ಶುರು. ನಿಮ್ಮಜ್ಜಿ ಕೇಳಿದ ಇಲಿ ಸದ್ದು ಇದೇ.

ವಿಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ ಅಟ್ಯಾಕ್ ಇಂಡಿಕೇಟರ್ ಅನ್ನು ಕ್ರಾಸ್‌ಹೇರ್‌ಗೆ ಇಡು. ಪರದೆ ನಡುವಿನ ಗುರಿ ಗುರುತಿನ ಕೆಳಗೆ ಸಣ್ಣ ಪಟ್ಟಿ ಕಾಣುತ್ತದೆ. ಅದು ತುಂಬುವ ತನಕ ಬೆರಳು ಎತ್ತಿ ಹಿಡಿ. ಅಣ್ಣನ ಹತ್ತಿರ ಹೋಗುವ ಮೊದಲು ಆಟದೊಳಗೆ ರಾತ್ರಿ ಹೊತ್ತು ಬರುವ ಝೋಂಬಿ ಜೊತೆ ಆಡು, ಆರ್ಮರ್ ಹಾಕಿಕೊಂಡದ್ದು ಬೇಡ. ಅದಕ್ಕೂ ನಮ್ಮಷ್ಟೇ 20 ಜೀವ, ಅಂದರೆ ಹತ್ತು ಹಾರ್ಟ್. ಡೈಮಂಡ್ ಕತ್ತಿಯ ಮೂರು ಪೂರ್ತಿ ಏಟಿಗೆ ಸಾಯಬೇಕು. ನಾಲ್ಕನೆಯದು ಬೇಕಾಯಿತು ಅಂದರೆ ಎಲ್ಲೋ ಅವಸರ ಮಾಡಿದ್ದೀಯ ಅಂತ. ನಾನು ಒಂದು ವಾರ ಇದನ್ನೇ ಮಾಡಿದೆ. ಹೆಂಡತಿ ಬೈದಳು, ಆ ಮಾತು ಬೇರೆ.

ಆಮೇಲೆ ದೂರ. ಕತ್ತಿ ಮೂರು ಬ್ಲಾಕ್ ತನಕ ಮಾತ್ರ ಮುಟ್ಟುತ್ತದೆ. ಸುಗ್ಗಿಯ ಪುತ್ತರಿ ಹಬ್ಬಕ್ಕೆ ಊರ ಮಂದ್ ಮೈದಾನದಲ್ಲಿ ಪರೆಯಕಳಿ ಆಟ ನೋಡಿದ್ದೀಯಲ್ವಾ? ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ, ಏಟು ಮೊಣಕಾಲಿನ ಕೆಳಗೆ. ಪಳಗಿದವರು ಬೆತ್ತ ಬೀಸುತ್ತಲೇ ಇರುವುದಿಲ್ಲ. ಒಂದು ಹೆಜ್ಜೆ ಒಳಗೆ ಇಟ್ಟ ಹಾಗೆ ಮಾಡಿ ಹಿಂದೆ ಸರಿಯುತ್ತಾರೆ. ಎದುರಿನವನ ಬೆತ್ತ ಗಾಳಿಗೆ ಹೋಯಿತೋ, ಅವನ ಕಣಕಾಲಿಗೆ ಬಿತ್ತು ಅಂತಲೇ ಲೆಕ್ಕ. ಇಲ್ಲೂ ಅದೇ. ಅಣ್ಣ ಬೀಸಿ ತಪ್ಪಿದ ಮೇಲೆ ನಿನಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಸಮಯ ಸಿಗುತ್ತದೆ.

ಕಾಫಿಹುಳ

ಮಾವ, ಪಟ್ಟಿ ಆನ್ ಮಾಡಿದೆ. ಇಷ್ಟು ದಿನ ಅದು ತುಂಬಿದ್ದನ್ನು ಒಂದು ಸಲವೂ ನೋಡಿರಲಿಲ್ಲ ಅಂತ ಈಗ ಗೊತ್ತಾಯಿತು! ಮೊದಲ ಝೋಂಬಿಗೆ ಒಂಬತ್ತು ಏಟು. ಹದಿನೈದನೆಯದಕ್ಕೆ ಮೂರು. ಆಮೇಲೆ ಕರೆಂಟ್ ಹೋಯಿತು.

ಇನ್ನೊಂದು ಡೌಟು. ಅಣ್ಣ ಹಾರಿ ಹೊಡೆದರೆ ನಕ್ಷತ್ರದ ಹಾಗೆ ಏನೋ ಚಿಮ್ಮುತ್ತದೆ, ನಾನು ಹಾರಿದರೆ ಬರುವುದಿಲ್ಲ.

ಏಲಕ್ಕಿಕಾಡು (ಸೋಮವಾರಪೇಟೆ)

ಅದು ಕ್ರಿಟಿಕಲ್. ಒಂದೂವರೆ ಪಟ್ಟು, 7ರ ಕತ್ತಿಗೆ 10.5. ನೀನು ಮೇಲೆ ಹೋಗುವಾಗ ಹೊಡೆಯುತ್ತಿದ್ದೀಯ. ಕೆಳಗೆ ಬೀಳುವಾಗ ಹೊಡೆಯಬೇಕು, ಪಟ್ಟಿ ಹೆಚ್ಚುಕಡಿಮೆ ತುಂಬಿರಬೇಕು, ಸ್ಪ್ರಿಂಟ್‌ನಲ್ಲಿ (ಓಟದಲ್ಲಿ) ಇರಬಾರದು. ಎಲ್ಲರೂ ಮರೆಯುವುದು ಈ ಸ್ಪ್ರಿಂಟನ್ನೇ. ಓಡಿ ಬಂದು ಹೊಡೆಯುವುದು ಬೇರೆ ಲೆಕ್ಕ, ಅದು ಎದುರಿನವನನ್ನು ಹಿಂದಕ್ಕೆ ತಳ್ಳಲು. ಹಾಗೆ ಹೊಡೆದ ತಕ್ಷಣ ಮುಂದೆ ನಡೆಸುವ ಡಬ್ಲ್ಯೂ ಕೀ ಬಿಟ್ಟು ಮತ್ತೆ ಓಡು, ಆಗ ಮುಂದಿನ ಏಟೂ ತಳ್ಳುತ್ತದೆ.

ಅಣ್ಣ ಶೀಲ್ಡ್ ಹಿಂದೆ ಅಡಗಿದರೆ ಕೊಡಲಿ ತೆಗಿ. ಒಂದು ಏಟು ಬಿದ್ದರೆ 5 ಸೆಕೆಂಡ್ ಆ ಶೀಲ್ಡ್ ಎತ್ತಲು ಆಗುವುದಿಲ್ಲ. ಕತ್ತಿ ಒಂದನೇ ಕೀ, ಕೊಡಲಿ ಎರಡನೇ ಕೀ ಇಟ್ಟುಕೋ, ಮೌಸ್ ಚಕ್ರ ತಿರುಗಿಸುತ್ತಾ ಕೂರಬೇಡ.

ಕಾಫಿಹುಳ

ಇವತ್ತು ಭಾನುವಾರ. ಬೆಳಿಗ್ಗೆ ಏಳು ಆಟ ಆಡಿದೆವು, ಎರಡು ಗೆದ್ದೆ. ಮೊದಲನೆಯದರಲ್ಲಿ ಹಿಂದೆ ಸರಿಯುತ್ತಾ ಸರಿಯುತ್ತಾ ಅವನೇ ಗಾಳಿಗೆ ಬೀಸುವ ಹಾಗೆ ಮಾಡಿದೆ, ಪರೆಯಕಳಿ ನೆನಪಾಗಿ ನಗು ಬಂತು. ಎರಡನೆಯದು ಕೊಡಲಿಯಿಂದ. ಅವನು ಶೀಲ್ಡ್ ಎತ್ತಲು ಹೋಗಿ ಎತ್ತಲಾಗದೆ "ಯಾರೋ ಹೇಳಿಕೊಟ್ಟಿದ್ದಾರೆ ನಿಂಗೆ" ಅಂದ. ನಾನು ಬಾಯಿ ಬಿಡಲಿಲ್ಲ.

ಅಜ್ಜಿ ಮಾತ್ರ "ಮನೆ ಕತ್ತಿ, ಕೋವಿ ಎಲ್ಲ ಪೂಜೆ ಆಗಿ ಒಳಗೆ ಹೋಯಿತು. ನಿಮ್ಮದು ಯಾವಾಗ?" ಅಂತ ಕೇಳಿದರು. ಅಣ್ಣ ಈಗ ಬಸ್‌ನಲ್ಲಿದ್ದಾನೆ. ತಿತಿಮತಿ ದಾಟುವ ಮೊದಲೇ ಮೆಸೇಜ್ ಬಂತು: ಪುತ್ತರಿಗೆ ಬರುತ್ತೇನೆ, ಶೀಲ್ಡ್ ಇಲ್ಲದೆ ಆಡೋಣ.

ಶೀಲ್ಡ್ ಇಲ್ಲದಿದ್ದರೆ ಕೊಡಲಿ ಇಟ್ಟುಕೊಂಡು ಉಪಯೋಗ ಇದೆಯಾ ಮಾವ?

ಮಂದ್‌ಮಾವ

ಇದೆ. ಒಂದೊಂದು ಏಟು ಕತ್ತಿಗಿಂತ ಜೋರು, ಆದರೆ ಡೈಮಂಡ್ ಕೊಡಲಿಗೆ ಪೂರ್ತಿ ಒಂದು ಸೆಕೆಂಡ್ ಕಾಯಬೇಕು. ನಿನ್ನ ಬೆರಳಿಗೆ ಅಷ್ಟು ತಾಳ್ಮೆ ಬರುವ ತನಕ ಝೋಂಬಿಗಳನ್ನು ಬಿಡಬೇಡ.