ದಸರಾ ರಜೆಗೆ ಡೆನ್ಮಾರ್ಕ್: 42ನೇ ವಾರ ಎಲ್ಲಿ, ಹೇಗೆ ಕಳೆಯುವುದು?

ಪ್ರಶ್ನೆ, ಬೆಂಗಳೂರಿನಿಂದ

2026ರ ಅಕ್ಟೋಬರ್ 10ರಿಂದ 18ರವರೆಗೆ ಡೆನ್ಮಾರ್ಕಿಗೆ ಹೊರಟಿದ್ದೇವೆ. ನಾವಿಬ್ಬರು, ಆರು ಮತ್ತು ಹತ್ತು ವರ್ಷದ ಮಕ್ಕಳು, ಜೊತೆಗೆ ಅಮ್ಮ. ಎಲ್ಲರೂ ಸಸ್ಯಾಹಾರಿಗಳು. ದಿನಕ್ಕೊಂದು ಊರು ಸುತ್ತುವ ಆಸೆ ಇಲ್ಲ, ನೆಮ್ಮದಿಯಾಗಿ ಇರಬೇಕು. ಮನೆ, ಓಡಾಟ, ಊಟ, ಬಟ್ಟೆ ಬಗ್ಗೆ ಗೊತ್ತಿರುವವರು ಹೇಳಿ.

ಆರ್ಹುಸ್‌ನಿಂದ

ನಿಮ್ಮ ತಾರೀಖು ಇಲ್ಲಿನ ಶಾಲೆಗಳ ಶರತ್ಕಾಲದ ರಜೆಗೆ, ಅಂದರೆ ವರ್ಷದ 42ನೇ ವಾರಕ್ಕೆ, ಸರಿಯಾಗಿ ಕೂತಿದೆ. ಹಿಂದೆ ಮಕ್ಕಳು ಆಲೂಗಡ್ಡೆ ಅಗೆಯಲು ಹೊಲಕ್ಕೆ ಹೋಗುತ್ತಿದ್ದ ವಾರ ಅದು. ಈಗ ಇಲ್ಲಿನವರು ಆ ವಾರ ಸಮುದ್ರದ ಬದಿಯಲ್ಲೊಂದು ಸೊಮ್ಮರ್‌ಹುಸ್, ಅಂದರೆ ರಜೆಮನೆ, ಬಾಡಿಗೆಗೆ ಹಿಡಿದು ಕೂರುತ್ತಾರೆ. ನೀವೂ ಅದನ್ನೇ ಮಾಡಿ. ಐದು ಜನಕ್ಕೆ ಹೋಟೆಲಿನಲ್ಲಿ ಎರಡು ಕೋಣೆ ಹಿಡಿಯುವುದಕ್ಕಿಂತ ಸಾಮಾನ್ಯವಾಗಿ ಅಗ್ಗವಾಗುತ್ತದೆ, ಅಡುಗೆಮನೆಯೂ ಸಿಗುತ್ತದೆ. ನೊವಾಸೋಲ್, ಡಾನ್‌ಸೆಂಟರ್, ಸೋಲ್ ಓ ಸ್ಟ್ರಾಂಡ್, ಫೆರಿಪಾರ್ಟ್ನರ್ ಮೂಲಕ ಬುಕ್ ಮಾಡಬಹುದು. ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಒಳ್ಳೆಯ ಮನೆಗಳು ಬೇಸಿಗೆಗೆ ಮೊದಲೇ ಹೋಗಿಬಿಡುತ್ತವೆ.

ಮನೆ ಹುಡುಕುವಾಗ ಫೋಟೋ ನೋಡಿ ಮರುಳಾಗಬೇಡಿ, ಮನೆ ಹೇಗೆ ಬೆಚ್ಚಗಾಗುತ್ತದೆ ಎಂಬುದನ್ನು ಮೊದಲು ಓದಿ. ಬಾಡಿಗೆಯಲ್ಲಿ ಕರೆಂಟು, ಹಲವು ಕಡೆ ನೀರು ಕೂಡ, ಸೇರಿರುವುದಿಲ್ಲ. ಮೀಟರ್ ನೋಡಿ ಆಮೇಲೆ ಲೆಕ್ಕ ಮಾಡುತ್ತಾರೆ. ಗೋಡೆಯ ಎಲೆಕ್ಟ್ರಿಕ್ ಹೀಟರ್ ಮಾತ್ರ ಇದ್ದರೆ ಅಕ್ಟೋಬರಿನಲ್ಲಿ ಬಿಲ್ಲು ಏರುತ್ತದೆ. ಕಡಿಮೆ ಕರೆಂಟಿನಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್ ಮತ್ತು ಕಟ್ಟಿಗೆ ಒಲೆ ಎರಡೂ ಇರುವ ಮನೆ ಹಿಡಿಯಿರಿ. ಒಳಗೆ ಈಜುಕೊಳ ಇರುವ ಮನೆ ಮಕ್ಕಳಿಗೆ ಸ್ವರ್ಗ, ಆದರೆ ಆ ನೀರು ಬಿಸಿಯಿಡುವ ಕರೆಂಟಿನ ಖರ್ಚೂ ನಿಮ್ಮದೇ. ಬಂದ ಕೂಡಲೇ ಮತ್ತು ಬಿಡುವ ಮುಂಚೆ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಾಸಿಗೆ, ದಿಂಬು, ರಜಾಯಿ ಇರುತ್ತವೆ. ಬೆಡ್‌ಶೀಟು, ಕವರು, ಟವೆಲು ಇರುವುದಿಲ್ಲ. ಬುಕ್ ಮಾಡುವಾಗಲೇ ಅವನ್ನೂ ಬಾಡಿಗೆಗೆ ಸೇರಿಸಿ. ಕೊನೆಯ ದಿನದ ಶುಚಿ ಕೆಲಸಕ್ಕೂ ಆಗಲೇ ಹಣ ಕಟ್ಟಿಬಿಡಿ. ಇಲ್ಲದಿದ್ದರೆ ಶನಿವಾರ ಬೆಳಿಗ್ಗೆಯೆಲ್ಲ ಒಲೆ, ಫ್ರಿಜ್ಜು, ನೆಲ ಉಜ್ಜುವುದರಲ್ಲೇ ಹೋಗುತ್ತದೆ.

ಕಟ್ಟಿಗೆ ಒಲೆಗೆ ಒಂದು ಕ್ರಮ ಇದೆ. ಗಾಳಿಯ ಕಿಂಡಿ ಪೂರ್ತಿ ತೆರೆಯಿರಿ. ಕೆಳಗೆ ಎರಡು ಮಧ್ಯಮ ಕಟ್ಟಿಗೆ, ಅದರ ಮೇಲೆ ಅಡ್ಡಡ್ಡ ಹತ್ತು ಹನ್ನೆರಡು ತೆಳು ಸೀಳು, ತುದಿಯಲ್ಲಿ ಬೆಂಕಿಗುಳಿಗೆ. ಮೇಲಿನಿಂದ ಹಚ್ಚಬೇಕು. ನಮ್ಮ ಕಡೆಯ ಹಾಗೆ ಅಡಿಯಿಂದ ಹಚ್ಚಿದರೆ ತಣ್ಣಗಿರುವ ಚಿಮಣಿ ಹೊಗೆ ಎಳೆಯದೆ ಮನೆಯೊಳಗೇ ತುಂಬುತ್ತದೆ. ಕಟ್ಟಿಗೆ ಚೆನ್ನಾಗಿ ಹತ್ತಿಕೊಂಡ ಮೇಲೆ ಕಿಂಡಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಪೂರ್ತಿ ಮುಚ್ಚಬೇಡಿ. ಬೂದಿಯನ್ನು ಕಬ್ಬಿಣದ ಬಕೆಟ್ಟಿಗೇ ಹಾಕಿ ಹೊರಗಿಡಿ. ಮರುದಿನವೂ ಅದರೊಳಗೆ ಕೆಂಡ ಇರಬಹುದು.

ಕೋಪನ್‌ಹೇಗನ್‌ನಿಂದ

ಮನೆಯ ವಿಷಯದಲ್ಲಿ ಮೇಲಿನ ಮಾತು ಒಪ್ಪುತ್ತೇನೆ. ಆದರೆ ಸಾಧ್ಯವಾದರೆ ಒಂದು ದಿನ ಮುಂಚೆ ಬನ್ನಿ. ರಜೆಗೆ ಮುಂಚಿನ ಶುಕ್ರವಾರ ಇಲ್ಲಿ ಕುಲ್ಟೂರ್‌ನಾಟ್ ನಡೆಯುತ್ತದೆ: ಮ್ಯೂಸಿಯಂ, ಚರ್ಚು, ಸಚಿವಾಲಯಗಳೆಲ್ಲ ರಾತ್ರಿಯವರೆಗೆ ತೆರೆದಿರುತ್ತವೆ. ಅದರ ಪಾಸು ಕೊಂಡರೆ ಆ ಸಂಜೆಯ ರೈಲು, ಬಸ್ಸೂ ಅದರಲ್ಲೇ ಬರುತ್ತದೆ. ತಿವೋಲಿ ಪಾರ್ಕು ಸೆಪ್ಟೆಂಬರ್ ಕೊನೆಗೆ ಮುಚ್ಚಿ ಹ್ಯಾಲೋವೀನ್‌ಗೆಂದು ಅಕ್ಟೋಬರಿನಲ್ಲಿ ಮತ್ತೆ ತೆರೆಯುತ್ತದೆ, ತಾರೀಖು ನೋಡಿಕೊಂಡು ಟಿಕೆಟ್ ತೆಗೆಯಿರಿ.

ಇವೆರಡಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಡ್ಯೂರೆಹಾವೆನ್, ರಾಜರ ಹಳೆಯ ಬೇಟೆಕಾಡು. ಪ್ರವೇಶಕ್ಕೆ ಹಣವಿಲ್ಲ. ಎಸ್-ರೈಲಿನ ಸಿ ಮಾರ್ಗ ಹಿಡಿದು ಕೊನೆಯ ನಿಲ್ದಾಣ ಕ್ಲಾಂಪೆನ್‌ಬೋರ್ಗ್‌ನಲ್ಲಿ ಇಳಿದರೆ ಕೆಂಪು ಗೇಟು ಅಲ್ಲೇ ಇದೆ. ಸುಮಾರು ಎರಡು ಸಾವಿರ ಜಿಂಕೆಗಳಿವೆ. ದೊಡ್ಡ ಕೆಂಪು ಜಿಂಕೆಗಳ ಬೆದೆಗಾಲ ಸೆಪ್ಟೆಂಬರಿನಲ್ಲಿ ಜೋರಾಗಿದ್ದು ನೀವು ಬರುವ ಹೊತ್ತಿಗೆ ಇಳಿಯುತ್ತಿರುತ್ತದೆ, ಚುಕ್ಕೆಯ ಡಾಡ್ಯೂರ್ ಜಿಂಕೆಗಳದ್ದು ಏರುತ್ತಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಗಂಡುಗಳ ಕೂಗು ದೂರಕ್ಕೂ ಕೇಳುತ್ತದೆ. ಈ ಕಾಲದಲ್ಲಿ ಅವು ಮೈಮೇಲೆ ಬರಬಲ್ಲವು, ಫೋಟೋಗೆಂದು ಮಕ್ಕಳನ್ನು ಹತ್ತಿರ ಬಿಡಬೇಡಿ. ಅಮ್ಮನವರಿಗೆ ನಡಿಗೆ ಕಷ್ಟವಾದರೆ ಗೇಟಿನ ಬಳಿ ಕುದುರೆಗಾಡಿ ಸಿಗುತ್ತದೆ.

ರೈಲಿನಲ್ಲಿ ದೊಡ್ಡವರೊಬ್ಬರ ಜೊತೆ 12 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಟಿಕೆಟ್ ಬೇಡ. ದೂರದ ರೈಲಿಗೆ ಇಲ್ಲಿನ ರೈಲ್ವೆ ಸಂಸ್ಥೆ ಡಿಎಸ್‌ಬಿಯ ಆರೆಂಜ್ ಟಿಕೆಟ್ ಮುಂಚೆಯೇ ತೆಗೆದರೆ ಅಗ್ಗ. ಆದರೆ ಸೀಟು ಬೇರೆಯಾಗಿ ಕಾದಿರಿಸಬೇಕು, ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಸಿಗದು. 42ನೇ ವಾರದಲ್ಲಿ ಸೀಟಿಲ್ಲದೆ ಆರ್ಹುಸ್‌ವರೆಗೆ ಮೂರು ಗಂಟೆ ನಿಲ್ಲಬೇಕಾದೀತು.

ಎಸ್ಬ್ಯೆರ್ಗ್‌ನಿಂದ

ಪಶ್ಚಿಮ ಕರಾವಳಿಯನ್ನು ಯಾರೂ ಹೇಳಲಿಲ್ಲವಲ್ಲ! ಶರತ್ಕಾಲ ನಿಜವಾಗಿ ಕಾಣುವುದು ಇಲ್ಲಿ. ಜರ್ಮನಿಯ ಗಡಿ ಹತ್ತಿರ ಟೋಂಡರ್‌ನ ಜೌಗಿನಲ್ಲಿ ಸಂಜೆ ಸಾವಿರ ಸಾವಿರ ಸ್ಟಾರ್ಲಿಂಗ್ ಹಕ್ಕಿಗಳು ಜೊಂಡಿನಲ್ಲಿ ರಾತ್ರಿ ಕಳೆಯಲು ಇಳಿಯುತ್ತವೆ. ಇಳಿಯುವ ಮುಂಚೆ ಡೇಗೆ ಬಂದರೆ ಇಡೀ ಹಿಂಡು ಒಂದೇ ಮೈಯಾಗಿ ಆಕಾಶದಲ್ಲಿ ತಿರುಚಿಕೊಳ್ಳುತ್ತದೆ. ಇದಕ್ಕೆ ಇಲ್ಲಿ ಸೋರ್ಟ್ ಸೋಲ್, ಕಪ್ಪು ಸೂರ್ಯ, ಎನ್ನುತ್ತಾರೆ. ಆ ವಾರ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಮುಕ್ಕಾಲು ಗಂಟೆ ಮುಂಚೆ ತಲುಪಿ. ಹಕ್ಕಿಗಳು ಜಾಗ ಬದಲಿಸುತ್ತಿರುತ್ತವೆ, ಆದ್ದರಿಂದ ಸ್ಥಳೀಯ ಗೈಡ್ ಜೊತೆ ಹೋಗುವುದು ಒಳ್ಳೆಯದು. ಗಾಳಿ ಮಳೆ ಜೋರಾದರೆ ಅವು ಆಟವಿಲ್ಲದೆ ಸೀದಾ ಜೊಂಡಿಗೆ ಇಳಿದುಬಿಡುತ್ತವೆ.

ಎಸ್ಬ್ಯೆರ್ಗ್‌ನಿಂದ ಫಾನೋ ದ್ವೀಪಕ್ಕೆ ದೋಣಿಯಲ್ಲಿ 12 ನಿಮಿಷ. ಪಶ್ಚಿಮದ ಬಿರುಗಾಳಿ ಬೀಸಿ ಅಡಗಿದ ಮೇಲೆ ದಂಡೆಯಲ್ಲಿ ಕಪ್ಪು ಕಡ್ಡಿಕಸದ ಸಾಲುಗಳ ನಡುವೆ ಅಂಬರ್, ಅಂದರೆ ಕಲ್ಲಿನಂತಾದ ಪುರಾತನ ಮರದ ಅಂಟು, ಸಿಗುತ್ತದೆ. ಕಲ್ಲೋ ಅಂಬರೋ ಗೊತ್ತಾಗದಿದ್ದರೆ ಒಂದು ಲೋಟ ನೀರಿಗೆ ನಾಲ್ಕು ದೊಡ್ಡ ಚಮಚ ಉಪ್ಪು ಕರಗಿಸಿ ಅದರಲ್ಲಿ ಹಾಕಿ: ಅಂಬರ್ ತೇಲುತ್ತದೆ, ಕಲ್ಲು ಮುಳುಗುತ್ತದೆ. ಮಕ್ಕಳಿಗೆ ಇಡೀ ದಿನದ ಕೆಲಸ. ನೀರಿಗಂತೂ ಇಳಿಸಬೇಡಿ, ನೀರಿನಡಿಯ ಮರಳುದಿಬ್ಬಗಳ ನಡುವಿನ ಸೆಳೆತ ದೊಡ್ಡವರನ್ನೂ ಒಳಕ್ಕೆ ಎಳೆಯುತ್ತದೆ.

ಬಟ್ಟೆ: ಹಗಲು ಹತ್ತು ಹನ್ನೆರಡು ಡಿಗ್ರಿ ಇದ್ದರೂ ಗಾಳಿಗೆ ಚಳಿ ಮೂಳೆಗಿಳಿಯುತ್ತದೆ. ಒಂದೇ ದಪ್ಪ ಜಾಕೆಟ್ಟಿಗಿಂತ ಒಳಗೆ ತೆಳು ಉಣ್ಣೆ, ಮೇಲೆ ಸ್ವೆಟರ್, ಅದರ ಮೇಲೆ ನೀರು ಗಾಳಿ ಎರಡೂ ತಡೆಯುವ ಕೋಟು. ಕೊಡೆ ಇಲ್ಲಿ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಕಾರು ಹಿಡಿಯಬೇಕೇ? ಮ್ಯೋನ್ಸ್ ಕ್ಲಿಂಟ್ ನೋಡುವ ಆಸೆ, ಆದರೆ ಅಮ್ಮನಿಗೆ ಮೆಟ್ಟಿಲು ಆಗುವುದಿಲ್ಲ. ಊಟದ್ದೂ ಹೇಳಿ.

ರೋಸ್ಕಿಲೆಯಿಂದ

ಮ್ಯೋನ್ಸ್ ಕ್ಲಿಂಟ್ ಸುಣ್ಣಕಲ್ಲಿನ ಕಡಿದಾದ ಕರಾವಳಿ, ಎತ್ತರದ ತುದಿ 128 ಮೀಟರ್. ದಂಡೆಗೆ ಇಳಿಯಲು ಸುಮಾರು ಐನೂರು ಮೆಟ್ಟಿಲು. ಅಮ್ಮನವರು ಮೇಲೆ ಜಿಯೋಸೆಂಟರ್ ಮ್ಯೂಸಿಯಂ ಹತ್ತಿರದ, ಬೀಚ್ ಎಂಬ ಜಾತಿಯ ಮರಗಳ ಕಾಡಿನಲ್ಲಿ ಮರದ ಹಲಗೆಯ ದಾರಿಯಲ್ಲೇ ನಡೆದು ಬಿಳಿ ಗೋಡೆ, ಸಮುದ್ರ ಎರಡನ್ನೂ ನೋಡಬಹುದು. ಕೆಳಗೆ ಇಳಿಯುವವರು ಜೋರು ಮಳೆಯ ಮರುದಿನ ಹೋಗಬೇಡಿ. ನೀರು ಕುಡಿದ ಸುಣ್ಣ ಕುಸಿಯುತ್ತದೆ. ಗೋಡೆಯ ಬುಡದಲ್ಲಿ ಕೂರಲೂ ಬೇಡಿ.

ರಜೆಮನೆಗೆ ಕಾರು ಬೇಕೇ ಬೇಕು, ಬಸ್ಸು ವಿರಳ. ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರವಾನಗಿ ತನ್ನಿ. ಹಗಲಲ್ಲೂ ಹೆಡ್‌ಲೈಟ್ ಹೊತ್ತಿರಬೇಕು. 135 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಮಕ್ಕಳ ಸೀಟು ಕಡ್ಡಾಯ. ಹೊಸಬರು ಎಡವುವುದು ಬಲಕ್ಕೆ ತಿರುಗುವಾಗ: ಬಲಪಕ್ಕದಲ್ಲಿ ನೇರ ಹೋಗುವ ಸೈಕಲ್‌ಗೆ ಮೊದಲ ದಾರಿ. ಕನ್ನಡಿ ಸಾಲದು, ಭುಜದ ಮೇಲಿಂದ ತಿರುಗಿ ನೋಡಿ. ಗಾಜಿಗೆ ಅಂಟಿದ ಪಾರ್ಕಿಂಗ್ ಗಡಿಯಾರದಲ್ಲಿ ಬಂದ ಹೊತ್ತು ತಿರುಗಿಸಿಡದಿದ್ದರೆ ದಂಡ ಬೀಳುತ್ತದೆ.

ಊಟಕ್ಕೆ ಬೇಳೆ, ಸಾರಿನಪುಡಿ, ಉಪ್ಪಿನಕಾಯಿ ತನ್ನಿ. ತುಪ್ಪ, ಪನೀರು, ಖೋವಾ ತರುವಂತಿಲ್ಲ. ಭಾರತದಿಂದ ಹಾಲಿನ ಪದಾರ್ಥಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಹಸಿ ಕರಿಬೇವನ್ನೂ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ, ಒಣಗಿಸಿ ಪುಡಿ ಮಾಡಿಸಿಕೊಳ್ಳಿ. ತುಪ್ಪವನ್ನು ಇಲ್ಲೇ ಕಾಯಿಸಿ: 200 ಗ್ರಾಂ ಬೆಣ್ಣೆಯಿಂದ ಸುಮಾರು 160 ಗ್ರಾಂ ಬರುತ್ತದೆ. ಪೊಟ್ಟಣದ ಮೇಲೆ ‘ಉಸಾಲ್ಟೆಟ್’ ಎಂದಿರಬೇಕು, ಸಾಮಾನ್ಯ ಬೆಣ್ಣೆಯಲ್ಲಿ ಉಪ್ಪಿರುತ್ತದೆ. ಒಲೆ ಹೆಚ್ಚಾಗಿ ಇಂಡಕ್ಷನ್, ಅದಕ್ಕೆ ಹೊಂದುವ ತಳದ ಕುಕ್ಕರ್ ಬೇಕು. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಚಿಮಣಿ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಕೂಗುತ್ತದೆ. ರಸ್ತೆಬದಿಯ ಗೂಡುಗಳಲ್ಲಿ ರೈತರು ಕುಂಬಳ, ಸೇಬು, ಆಲೂಗಡ್ಡೆ ಇಟ್ಟಿರುತ್ತಾರೆ, ಕಾಯುವವರು ಇರುವುದಿಲ್ಲ. ಇಲ್ಲಿನವರು ಮೊಬೈಲ್‌ಪೇ ಎಂಬ ಆ್ಯಪ್‌ನಲ್ಲಿ ಹಣ ಕೊಡುತ್ತಾರೆ; ನಿಮ್ಮ ಭಾರತದ ನಂಬರಿಗೆ ಅದು ಆಗದು, ಡಬ್ಬಿಗೆ ಹಾಕಲು ಹತ್ತು ಇಪ್ಪತ್ತು ಕ್ರೋನೆಯ ನಾಣ್ಯ ಜೇಬಿನಲ್ಲಿರಲಿ.